ಹೇಳಿಕೊಳ್ಳುವ ಕಾಯಿಲೆ, ಹೇಳಿಕೊಳ್ಳದ ಕಾಯಿಲೆ

ಕಾಯಿಲೆಗಳಲ್ಲಿಯೂ ಪಂಕ್ತಿಭೇದವುಂಟು. ಮಂಡಿನೋವು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಇವು ಮೊದಲನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುವಂಥವು. ಮದುವೆಮನೆಯಲ್ಲಿ ಇಬ್ಬರು ಹಿರಿಯರು ಅಕ್ಕಪಕ್ಕ ಕುಳಿತರೆ ಸಾಕು, "ನಿಮಗೆಷ್ಟು?" "ಊಟಕ್ಕೆ ಮುಂಚೆ ನೂರ ನಲವತ್ತು, ಊಟವಾದ ಮೇಲೆ ಇನ್ನೂರ ಹತ್ತು" ಎಂದು ಮಕ್ಕಳ ಮಾರ್ಕ್ಸು ಹೇಳಿಕೊಳ್ಳುವ ಉತ್ಸಾಹದಲ್ಲಿ ಹೇಳಿಕೊಳ್ಳುತ್ತಾರೆ. ಎರಡನೆಯ ಪಂಕ್ತಿಯವು ಮೂಲವ್ಯಾಧಿಯಂಥವು; ಸ್ವಲ್ಪ ದನಿ ತಗ್ಗಿಸಿ, ಆಪ್ತರಾದವರಲ್ಲಿ ಮಾತ್ರ ಹೇಳುವಂಥವು. ಇನ್ನು ಕೆಲವಕ್ಕೆ ಎಲೆಯನ್ನೇ ಹಾಕುವುದಿಲ್ಲ. ಅವು ಹಿತ್ತಲ ಬಾಗಿಲಲ್ಲಿ ನಿಂತೇ ಇರುತ್ತವೆ. ಅಂಥದೊಂದು ಕಾಯಿಲೆಯೊಡನೆ ನಾನು ಎರಡು ವರ್ಷ ಸಂಸಾರ ಮಾಡಿದೆ. ಈ ದಿನ ಅದನ್ನು ಮುಂಬಾಗಿಲಿನಿಂದ ಒಳಕ್ಕೆ ಕರೆಯಬೇಕೆಂದಿದ್ದೇನೆ. ಭಾನುವಾರದ ಕಾಫಿಯ ಜೊತೆಗೆ ಇದನ್ನು ಓದುತ್ತಿರುವವರು ಬೇಸರಪಡಬಾರದು. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಒಂದು ಮಾತನ್ನು ಆಡದೆ ಉಳಿಯುತ್ತಿದ್ದೆ. ಆ ಮಾತಿಗಾಗಿಯೇ ಇಷ್ಟು ಬರೆಯುತ್ತಿರುವುದು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಮಗಳು ಓದು ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ನಮ್ಮವರು ಬ್ಯಾಂಕಿನಲ್ಲಿದ್ದಾರೆ. ೨೦೨೨ರ ಮೊದಲಲ್ಲಿ ಅವರಿಗೆ ಹಾಸನಕ್ಕೆ ವರ್ಗವಾಯಿತು. ನನ್ನ ಸ್ಕೂಲು ಬಿಟ್ಟುಹೋಗುವಂತಿರಲಿಲ್ಲ. ಅವರು ಅಲ್ಲಿ ಒಂದು ಕೋಣೆ ಹಿಡಿದರು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜವಷ್ಟೆ. ಅದರ ಹಿಂದಿನ ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಬಂದು ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದ ಗಂಡಹೆಂಡಿರು ಹದಿನೈದು ದಿನಕ್ಕೊಮ್ಮೆ ಸಂಧಿಸುವಂತಾದರೆ ಅದರಲ್ಲಿಯೂ ಒಂದು ಹೊಸತನವಿದೆ. ನಲವತ್ತು ದಾಟಿದವರ ದಾಂಪತ್ಯವೆಂದರೆ ವರಾಂಡದಲ್ಲಿ ಕುಳಿತು ಪತ್ರಿಕೆ ಹಂಚಿಕೊಂಡು ಓದುವುದು ಎಂದು ಮಕ್ಕಳು ನಂಬಿರುತ್ತಾರೆ. ನಂಬಿಕೊಳ್ಳಲಿ.

ಆ ವರ್ಷ ಜೂನ್ ತಿಂಗಳಲ್ಲಿ ನನಗೆ ದವಡೆಹಲ್ಲು ಕೀವಾಗಿ ಐದು ದಿನ ಆಂಟಿಬಯಾಟಿಕ್ ನುಂಗಿದೆ. ಹಲ್ಲು ವಾಸಿಯಾಯಿತು, ಕೆಳಗೆ ತುರಿಕೆ ಹತ್ತಿತು. ಕೆಳಗೆ ಎಂದು ಬರೆದೆನಲ್ಲ, ನೋಡಿ. ಮಕ್ಕಳಿಗೆ ಪರ್ಯಾಯಪದಗಳನ್ನು ಬಾಯಿಪಾಠ ಮಾಡಿಸುವವಳು ನಾನು. ಕಮಲಕ್ಕೆ ಹತ್ತು ಹೆಸರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ನನ್ನ ದೇಹದ ಒಂದು ಅಂಗಕ್ಕೆ ಮಾತ್ರ ದಿಕ್ಕಿನ ಹೆಸರು. ಯೋನಿ ಎಂಬ ಪದ ನಿಘಂಟಿನಲ್ಲಿದೆ, ಶಾಸ್ತ್ರಗಳಲ್ಲಿದೆ. ನನ್ನ ನಾಲಗೆಯ ಮೇಲೆ ಇರಲಿಲ್ಲ. ಅಲ್ಲಿ ತುರಿಕೆ, ಉರಿ, ನೀರು ಸೋಕಿದರೆ ಚುರುಚುರು, ಒಡೆದ ಹಾಲಿನ ಗಸಿಯಂಥ ಬಿಳುಪು. ತರಗತಿಯಲ್ಲಿ ಸಂಧಿ ಸಮಾಸ ಹೇಳಿಕೊಡುತ್ತ, ಕರಿಹಲಗೆಯ ಮುಂದೆ ನಿಂತುಕೊಂಡು, ಗಂಟೆ ಯಾವಾಗ ಹೊಡೆಯುವುದೋ ಎಂದು ಹಲ್ಲುಕಚ್ಚಿ ಕಾಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಊರಿಗೆ ಫೋನು ಮಾಡಿ ಅಮ್ಮನಿಗೆ ಸುತ್ತಿಬಳಸಿ ಹೇಳಿದೆ. "ಉಷ್ಣ ಕಣೇ" ಎಂದಳು. ನಮ್ಮ ಕಡೆ ಹೆಂಗಸರ ಕಾಯಿಲೆಗಳಿಗೆಲ್ಲ ಒಂದೇ ನಿದಾನ, ಉಷ್ಣ. ಎಳನೀರು, ಬಾರ್ಲಿ ನೀರು, ರಾತ್ರಿ ನೆನೆಹಾಕಿದ ಮೆಂತ್ಯ, ಕಾಮಕಸ್ತೂರಿ ಬೀಜ ಎಲ್ಲ ಆಯಿತು. ಹೊಟ್ಟೆ ತಂಪಾಯಿತು, ಬೇಕಾದ ಕಡೆ ಆಗಲಿಲ್ಲ. ಸ್ನಾನದ ನೀರಿಗೆ ಗಾಯ ತೊಳೆಯುವ ಔಷಧ ಹಾಕಿಕೊಂಡು ತೊಳೆದೆ. ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು. ಕಡೆಗೆ ಬೀದಿಯ ಕೊನೆಯ ಡಾಕ್ಟರಲ್ಲಿ ಹೋದೆ. ಅವರು ಮೇಜಿನ ಆ ಕಡೆಯಿಂದಲೇ, ನನ್ನ ಮುಖ ನೋಡದೆ, "ಬಿಳುಪು ಹೋಗುತ್ತಾ? ತುರಿಕೆ ಇದೆಯಾ?" ಎಂದು ಕೇಳಿ ಒಂದೇ ಒಂದು ಮಾತ್ರೆ ಬರೆದುಕೊಟ್ಟರು. ಫ್ಲುಕೊನಜೋಲ್, ೧೫೦ ಮಿಲಿಗ್ರಾಂ. ಔಷಧದಂಗಡಿಯ ಹುಡುಗ ನನ್ನ ಹಳೆಯ ಶಿಷ್ಯ. ಚೀಟಿ ನೋಡಿ, ಮಾತ್ರೆಯನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ, ಗೋಡೆಯ ಕಡೆ ನೋಡುತ್ತ ಕೊಟ್ಟ. ಮೂರು ದಿನದಲ್ಲಿ ಮಾಯವಾಯಿತು. ಹಲ್ಲಿನ ಔಷಧದಿಂದ ಬಂದದ್ದು, ಹೋಯಿತು ಎಂದುಕೊಂಡೆ.

ಅದು ಹೋಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಬಂತು, ನವೆಂಬರಿನಲ್ಲಿ ಬಂತು, ಸಂಕ್ರಾಂತಿಯ ಎಳ್ಳುಬೆಲ್ಲ ಬೀರುವ ಸಮಯದಲ್ಲಿಯೂ ಬಂತು. ಪ್ರತಿ ಸಲವೂ ಅದೇ ಒಂದು ಮಾತ್ರೆ. ಮೊದಲೆರಡು ಸಲ ಡಾಕ್ಟರ ಚೀಟಿ. ಆಮೇಲೆ ಚೀಟಿಯೂ ಇಲ್ಲ. ಪರಿಚಯವಿಲ್ಲದ ಬಡಾವಣೆಗೆ ಆಟೋ ಮಾಡಿಕೊಂಡು ಹೋಗಿ, ಬೇರೆ ಅಂಗಡಿಯಲ್ಲಿ ಕೇಳಿ ತರುತ್ತಿದ್ದೆ. ಜೊತೆಗೆ ಒಂದು ಟ್ಯೂಬು ಮುಲಾಮು. ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಬಚ್ಚಿಟ್ಟಿದ್ದೆ. ಚಿನ್ನವನ್ನು ಅಷ್ಟು ಜೋಪಾನವಾಗಿ ಇಟ್ಟವಳಲ್ಲ ನಾನು.

ಅಡಿಗೆಮನೆಯ ಗೋಡೆಯಲ್ಲಿ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು ತೂಗುಹಾಕಿದೆ. ಹಾಲಿನ ಲೆಕ್ಕ, ಗ್ಯಾಸು ತಂದ ದಿನ, ಕೆಲಸದವಳ ರಜ ಎಲ್ಲವನ್ನೂ ಅದರಲ್ಲಿ ಗುರುತು ಹಾಕುವುದು ನನ್ನ ಪದ್ಧತಿ. ತುರಿಕೆ ಶುರುವಾದ ದಿನಕ್ಕೂ ಒಂದು ಸಣ್ಣ ಚುಕ್ಕೆ ಇಡುತ್ತಿದ್ದೆ. ೨೦೨೩ರ ಫೆಬ್ರವರಿಯಲ್ಲಿ ಒಂದು ದಿನ ಹಾಲಿನ ಲೆಕ್ಕ ನೋಡುತ್ತಿರುವಾಗ ಚುಕ್ಕೆಗಳು ಕಣ್ಣಿಗೆ ಬಿದ್ದವು. ಹಳೆಯ ವರ್ಷದ ಕ್ಯಾಲೆಂಡರನ್ನೂ ತೆಗೆದು ನೋಡಿದೆ. ಹಲ್ಲಿನ ಔಷಧದ ಸಲದ್ದೊಂದು ಬಿಟ್ಟರೆ ಮಿಕ್ಕ ಚುಕ್ಕೆಗಳೆಲ್ಲ ಮಂಗಳವಾರವೋ ಬುಧವಾರವೋ ಇದ್ದವು. ಅದೂ ನಮ್ಮವರು ಬಂದುಹೋದ ವಾರದ ಮಂಗಳವಾರ, ಬುಧವಾರ. ಅವರು ಕೆಲಸದ ಗಲಾಟೆಯಲ್ಲಿ ಒಂದು ತಿಂಗಳು ಬರಲಾಗದೆ ಇದ್ದಾಗ ಚುಕ್ಕೆಯೇ ಇರಲಿಲ್ಲ. ಲೆಕ್ಕದ ಮೇಷ್ಟ್ರು ಕೂಡ ಇದಕ್ಕಿಂತ ಸ್ಪಷ್ಟವಾದ ಉತ್ತರ ಕೊಡಲಾರರು ಎನ್ನಿಸಿತು. ನಾವು ಕೂಡಿದ ಎರಡು ಮೂರು ದಿನಕ್ಕೆ ಕಾಯಿಲೆ ಬರುತ್ತಿದೆ. ಅಂದಮೇಲೆ ಕಾಯಿಲೆ ಹಾಸನದಿಂದ ಬರುತ್ತಿದೆ.

ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಸಂಗದಿಂದ ಬರುವ ಕಾಯಿಲೆಗಳೆಂದು ಅದು ಉದ್ದನೆಯ ಪಟ್ಟಿ ಕೊಟ್ಟಿತು. ಒಂದೊಂದರ ಲಕ್ಷಣ ಓದಿದಾಗಲೂ ಇದು ನನಗಿದೆ ಎನ್ನಿಸಿತು. ಹಿಂದಿನದೆಲ್ಲ ಬೇರೆ ಬೆಳಕಿನಲ್ಲಿ ಕಾಣತೊಡಗಿತು. ಒಮ್ಮೆ ಫೋನು ಮಾಡಿದಾಗ ಹಿಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿತ್ತಲ್ಲವೆ? "ಮನೆಯ ಓನರ ಸೊಸೆ, ಸಾರು ಕೊಡಲು ಬಂದಿದ್ದಳು" ಎಂದಿದ್ದರು. ಸಾರು! ಇತ್ತೀಚೆಗೆ ದೀಪವಾರಿಸಿದ ಮೇಲೆಯೇ ಬಟ್ಟೆ ಬದಲಿಸುತ್ತಾರಲ್ಲವೆ? ಮುಂಚೆ ಹಾಗಿರಲಿಲ್ಲ. ಸಂಶಯಕ್ಕೆ ಹೆಪ್ಪು ಹಾಕಿದರೆ ಸಾಕು, ಬೆಳಗಾಗುವುದರೊಳಗೆ ತಾನೇ ಗಟ್ಟಿಯಾಗುತ್ತದೆ.

ನಾನು ಕೇಳಲಿಲ್ಲ. ಕೇಳುವ ಬದಲು ಮಗಳ ಕೋಣೆಯಲ್ಲಿ ಮಲಗತೊಡಗಿದೆ. ಅವರ ಗೊರಕೆಯೆಂದೆ, ಪರೀಕ್ಷೆಯ ಪೇಪರು ತಿದ್ದಬೇಕೆಂದೆ, ಬೆನ್ನುನೋವೆಂದೆ. ಅವರೂ ಒತ್ತಾಯ ಮಾಡಲಿಲ್ಲ. ಆ ಸುಮ್ಮನಿರುವಿಕೆಯೂ ನನಗೆ ಸಾಕ್ಷಿಯಾಗಿಯೇ ಕಂಡಿತು. ಏಪ್ರಿಲ್ಲಿನ ಒಂದು ಶುಕ್ರವಾರ ಅವರು ಬಂದು, ಕೈಕಾಲು ತೊಳೆದು, ಊಟಕ್ಕೆ ಕುಳಿತು, "ನನ್ನ ಮೇಲೆ ಏನಾದರೂ ಕೋಪವೇನೆ?" ಎಂದು ಕೇಳಿದರು. ನಾನು ಸೌಟು ಹಿಡಿದು ನಿಂತಿದ್ದೆ. "ಹಾಸನದಲ್ಲಿ ನಿಮಗೆ ಯಾರಿದ್ದಾರೆ?" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಸಿಟ್ಟಿರಲಿಲ್ಲ. ಮಜ್ಜಿಗೆಯನ್ನಕ್ಕೂ ಕಾಯದೆ ಎದ್ದು ಕೈ ತೊಳೆದರು. ಮಾರನೆಯ ದಿನ, ಶನಿವಾರವೇ, ಮೊದಲ ಬಸ್ಸಿಗೆ ಹೊರಟುಹೋದರು. ಆಮೇಲೆ ಆರು ವಾರ ಬರಲಿಲ್ಲ. ಫೋನಿನಲ್ಲಿ ಹಾಲು, ಕರೆಂಟು ಬಿಲ್ಲು, ಮಗಳು, ಇಷ್ಟೇ ಮಾತು.

ಆ ಆರು ವಾರ ಚುಕ್ಕೆ ಇರಲಿಲ್ಲ. ಆದರೂ ನನಗೇನೋ ಅಂಟಿಕೊಂಡಿದೆಯೆಂಬ ಭಯ ಬಿಡಲಿಲ್ಲ. ಕೊನೆಗೆ ಬೇಸಿಗೆ ರಜ ಮುಗಿಯುವುದರೊಳಗೆ ಒಬ್ಬ ಲೇಡಿ ಡಾಕ್ಟರಲ್ಲಿ ಹೋದೆ. ಅರವತ್ತರ ಆಸುಪಾಸಿನವರು. ಬಾಗಿಲು ಮುಚ್ಚಿ, "ಎಷ್ಟು ದಿನದಿಂದ? ಎಷ್ಟು ಸಲ? ಯಾರಾದರೂ ಪರೀಕ್ಷೆ ಮಾಡಿ ನೋಡಿದಾರೇನಮ್ಮ?" ಎಂದರು. ಯಾರೂ ನೋಡಿಲ್ಲವೆಂದೆ. "ಬಾಗಿಲು ತೆಗೆಯದೆ ಮನೆಯೊಳಗೆ ಏನಾಗಿದೆ ಅಂತ ಹೇಳೋಕಾಗುತ್ತಾ?" ಎಂದು ಕೈಗೆ ಗ್ಲೌಸು ಹಾಕಿಕೊಂಡರು. ಹತ್ತಿಯ ಕಡ್ಡಿಯಲ್ಲಿ ಒಂದಿಷ್ಟು ಸ್ರಾವ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ನನ್ನ ರಕ್ತದ ಸಕ್ಕರೆಯನ್ನೂ ನೋಡಿಸಿದರು. ಅದು ಸರಿಯಾಗಿತ್ತು. ಮಿಕ್ಕ ಸೋಂಕುಗಳ ಪರೀಕ್ಷೆಗಳಲ್ಲಿಯೂ ಏನೂ ಸಿಕ್ಕಲಿಲ್ಲ. ಕಡ್ಡಿಯಲ್ಲಿ ಬೆಳೆದದ್ದು ಒಂದೇ, ಕ್ಯಾಂಡಿಡ ಆಲ್ಬಿಕಾನ್ಸ್ ಎಂಬ ಯೀಸ್ಟು.

"ಇದು ನಡತೆಯ ಕಾಯಿಲೆಯಲ್ಲ" ಎಂದು ಅವರು ಮೊದಲೇ ಹೇಳಿದರು. ನನ್ನ ಮುಖದ ಮೇಲೆ ಏನು ಬರೆದಿತ್ತೋ, ಓದಿಕೊಂಡರೆಂದು ಕಾಣುತ್ತದೆ. ಈ ಯೀಸ್ಟು ಹೊರಗಿನಿಂದ ಬರಬೇಕಾದ್ದೇ ಇಲ್ಲವಂತೆ. ನಮ್ಮ ಕರುಳಿನಲ್ಲಿ, ಚರ್ಮದಲ್ಲಿ ಇರುವಂಥದೇ. ಏನೂ ತೊಂದರೆಯಿಲ್ಲದ ಹೆಂಗಸರಲ್ಲಿಯೂ ನೂರಕ್ಕೆ ಹತ್ತಿಪ್ಪತ್ತು ಮಂದಿಯ ಯೋನಿಯಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗಾದರೂ ಆಯುಸ್ಸಿನಲ್ಲಿ ಒಮ್ಮೆ ಅದರ ಕಾಟ ತಪ್ಪಿದ್ದಲ್ಲ. ಆಂಟಿಬಯಾಟಿಕ್ ತೆಗೆದುಕೊಂಡಾಗ, ಬಸಿರಿನಲ್ಲಿ, ಸಕ್ಕರೆ ಹೆಚ್ಚಾದಾಗ ಅದಕ್ಕೆ ಸುಗ್ಗಿ. ವರ್ಷದಲ್ಲಿ ಮೂರು ನಾಲ್ಕು ಸಲ ಬಂದರೆ ಮಾತ್ರ ಅದನ್ನು ಮರುಕಳಿಸುವ ಸೋಂಕೆಂದು ಲೆಕ್ಕ ಹಿಡಿದು, ಕಾರಣ ಹುಡುಕಬೇಕು. ಒಂದೊಂದೇ ಮಾತ್ರೆ ನುಂಗುತ್ತಿದ್ದರೆ ಬೇರು ಹೋಗುವುದಿಲ್ಲ.

ನಾನು ಧೈರ್ಯಮಾಡಿ ಕ್ಯಾಲೆಂಡರಿನ ವಿಷಯ ಹೇಳಿದೆ. ಅವರು ನಗಲಿಲ್ಲ. "ಒಳ್ಳೆಯ ಕೆಲಸ ಮಾಡಿದೀರಿ, ಗುರುತು ಹಾಕಿಟ್ಟದ್ದು" ಎಂದರು. ಕೂಡುವಾಗಿನ ಉಜ್ಜಾಟದಿಂದ, ಅದರಲ್ಲಿಯೂ ಈ ವಯಸ್ಸಿನಲ್ಲಿ ಒಣಗಿದಂತಿದ್ದರೆ, ಒಳಚರ್ಮ ಕಣ್ಣಿಗೆ ಕಾಣದಷ್ಟು ತರಚಿ ಯೀಸ್ಟಿಗೆ ಅವಕಾಶವಾಗಬಹುದು. ಹಾಗಾಗುತ್ತದೆಂದು ಗಂಡನಿಗೂ ಔಷಧ ಕೊಡುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಗಂಡನಿಗೂ ತುರಿಕೆ, ಕೆಂಪು ಇದ್ದರೆ ಮಾತು ಬೇರೆ. ಆಗ ಇಬ್ಬರಿಗೂ ಒಟ್ಟಿಗೆ ವಾಸಿಯಾಗಬೇಕು.

"ನಿಮ್ಮ ಯಜಮಾನರಿಗೆ ಅಂಥದ್ದೇನಾದರೂ ಇದೆಯೇ?"

ಗೊತ್ತಿಲ್ಲವೆಂದೆ.

"ಸಕ್ಕರೆ ಕಾಯಿಲೆ?"

"ಎಂಟು ವರ್ಷದಿಂದ ಇದೆ."

"ಯಾವ ಮಾತ್ರೆ ತೆಗೆದುಕೊಳ್ತಾರೆ?"

ಅದೂ ಗೊತ್ತಿಲ್ಲ. ಮೈಸೂರಿನಲ್ಲಿದ್ದಾಗ ಗೊತ್ತಿತ್ತು, ದಿನವೂ ತಿಂಡಿಯ ತಟ್ಟೆಯ ಪಕ್ಕದಲ್ಲಿ ನಾನೇ ಇಡುತ್ತಿದ್ದೆ. ಹಾಸನಕ್ಕೆ ಹೋದಮೇಲೆ ಅಲ್ಲಿಯ ಡಾಕ್ಟರು ಯಾವುದೋ ಹೊಸದು ಕೊಟ್ಟಿದ್ದಾರೆಂದು ಒಮ್ಮೆ ಅವರು ಹೇಳಿದ ನೆನಪು. ಡಾಕ್ಟರು ಒಂದು ಚೀಟಿಯ ಮೇಲೆ ಹೆಸರೊಂದನ್ನು ಬರೆದು ಕೊಟ್ಟರು, ಡಾಪಾಗ್ಲಿಫ್ಲೋಜಿನ್. "ಇದೇನಾದರೂ ಇದೆಯೋ ನೋಡಿ. ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಅಂತ ಬರೋ ಬೇರೆ ಮಾತ್ರೆಯಾದರೂ ಸರಿ, ನನಗೆ ತಿಳಿಸಿ" ಎಂದರು.

ಆ ಭಾನುವಾರ ಹೇಳದೆ ಕೇಳದೆ ಹಾಸನದ ಬಸ್ಸು ಹತ್ತಿದೆ. ಹೊಳೆನರಸೀಪುರ ದಾಟುವ ತನಕ ಏನು ಮಾತಾಡಬೇಕೆಂದು ಮನಸ್ಸಿನಲ್ಲಿಯೇ ವಾಕ್ಯ ಕಟ್ಟುತ್ತಿದ್ದೆ, ಅಳಿಸುತ್ತಿದ್ದೆ. ಅವರ ಕೋಣೆ ಮೊದಲ ಮಹಡಿಯಲ್ಲಿ. ಮೆಟ್ಟಿಲ ಮೇಲೆ ಓನರ ಸೊಸೆ ಎದುರಾದಳು, ತುಂಬಿದ ಬಸುರಿ, ಕೈಯಲ್ಲಿ ಸಾರಿನ ಡಬ್ಬಿ. "ನೀವು ಮೈಸೂರಿನ ಅಕ್ಕ ಅಲ್ಲವಾ? ಅಣ್ಣ ಸರಿಯಾಗಿ ಊಟಾನೇ ಮಾಡ್ತಿಲ್ಲ ನೋಡಿ" ಎಂದಳು. ನನಗೆ ಅಲ್ಲಿಯೇ ಕೂತುಬಿಡೋಣವೆನ್ನಿಸಿತು.

ಅವರು ಬನಿಯನ್ನಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, "ಮಗಳು ಚೆನ್ನಾಗಿದ್ದಾಳಷ್ಟೆ?" ಎಂದರು. ನಾನು ಚೀಟಿಯನ್ನು ಕೈಗೆ ಕೊಟ್ಟು, "ಈ ಮಾತ್ರೆ ತೆಗೆದುಕೊಳ್ಳುತ್ತೀರೇನು?" ಎಂದೆ. ಕಟ್ಟಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವರು ಗೂಡಿನಿಂದ ಮಾತ್ರೆಯ ಡಬ್ಬಿ ತೆಗೆದರು. ಅದೇ ಹೆಸರು. ಹಿಂದಿನ ವರ್ಷದ ಏಪ್ರಿಲ್ಲಿನಿಂದ ನುಂಗುತ್ತಿದ್ದಾರೆ. ಡಬ್ಬಿಯ ಜೊತೆಗೆ ಒಂದು ಟ್ಯೂಬು ಉರುಳಿ ನೆಲಕ್ಕೆ ಬಿತ್ತು. ಅವರು ಬಗ್ಗುವುದರೊಳಗೆ ನಾನು ತೆಗೆದುಕೊಂಡೆ. ನನ್ನ ರೇಷ್ಮೆ ಸೀರೆಗಳ ನಡುವೆ ಮಲಗಿದ್ದ ಟ್ಯೂಬಿನ ಒಡಹುಟ್ಟು. ಅದೇ ಬಣ್ಣ, ಅದೇ ಹೆಸರು.

ಆಮೇಲೆ ಅವರು ಹೇಳಿದ್ದಿಷ್ಟು. ಹೊಸ ಮಾತ್ರೆ ಶುರುವಾದ ಕೆಲವು ವಾರಕ್ಕೆ ಶಿಶ್ನದ ತುದಿಯಲ್ಲಿ ಕೆಂಪು, ತುರಿಕೆ. ಮುಂದೊಗಲು ಹಿಂದಕ್ಕೆ ಸರಿಸಿದರೆ ಸಣ್ಣ ಸಣ್ಣ ಬಿರುಕು, ಉರಿ. ಡಾಕ್ಟರಿಗೆ ಹೇಳಲು ನಾಚಿಕೆ. ಬಸ್‌ಸ್ಟಾಂಡಿನ ಹತ್ತಿರದ ಅಂಗಡಿಯಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದು ಟ್ಯೂಬು ತಂದರು. ಹಚ್ಚಿದರೆ ಕಡಿಮೆ, ಬಿಟ್ಟರೆ ಮತ್ತೆ. ದೀಪವಾರಿಸಿ ಬಟ್ಟೆ ಬದಲಿಸುತ್ತಿದ್ದುದು ನನಗೆ ಕಾಣಬಾರದೆಂದು. ನಾನು ಬೇರೆ ಕೋಣೆಗೆ ಹೋದಾಗ, ನನಗೆ ಹೇಗೋ ಗೊತ್ತಾಗಿ ಅಸಹ್ಯಪಟ್ಟುಕೊಂಡಿದ್ದೇನೆ ಎಂದೇ ತಿಳಿದಿದ್ದರು. "ನೀನು ಆ ಮಾತು ಕೇಳಿದೆಯಲ್ಲ, ಇವಳಿಗೆ ಹೇಗೆ ರುಜುವಾತು ಮಾಡಲಿ, ಮೈಮೇಲೆ ಕಾಯಿಲೆ ಇಟ್ಟುಕೊಂಡು, ಅಂತ ಸುಮ್ಮನಾದೆ" ಎಂದರು. ಒಂದೇ ಕಾಯಿಲೆ, ಎರಡು ಊರು, ಎರಡು ಟ್ಯೂಬು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಇಷ್ಟು ಸಮಾನವಾಗಿ ಒಂದು ಕೆಲಸ ಮಾಡಿದ್ದು ಇದೇ ಮೊದಲು ಎಂದು ತೋರುತ್ತದೆ.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಆ ಮಾತ್ರೆ ಮೂತ್ರಪಿಂಡದ ಮೂಲಕ ರಕ್ತದ ಸಕ್ಕರೆಯನ್ನು ಮೂತ್ರಕ್ಕೆ ಹರಿಯಬಿಟ್ಟು ಸಕ್ಕರೆ ಇಳಿಸುವಂಥದು. ೨೦೨೦ರಲ್ಲಿ ಅದರ ಪೇಟೆಂಟು ಮುಗಿದ ಮೇಲೆ ನಮ್ಮ ದೇಶದಲ್ಲಿ ಅಗ್ಗವಾಗಿ, ಎಲ್ಲೆಲ್ಲಿಯೂ ಸಿಗುವಂತಾಯಿತು. ಒಳ್ಳೆಯ ಮಾತ್ರೆಯೇ, ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷಣೆ ಕೊಡುತ್ತದೆ. ಯಾರೂ ನನ್ನ ಮಾತು ಓದಿ ತಾವಾಗಿಯೇ ನಿಲ್ಲಿಸಬಾರದು. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವವರಿಗೆ ಆ ಜಾಗದಲ್ಲಿ ಯೀಸ್ಟಿನ ಸೋಂಕು ಬರುವುದು ತಿಳಿದ ಸಂಗತಿ. "ದೋಸೆಹಿಟ್ಟು ಬೆಚ್ಚಗಿರೋ ಕಡೆ ಇಟ್ಟು, ಒಂದು ಚಮಚ ಸಕ್ಕರೆ ಹಾಕಿದರೆ ಏನಾಗುತ್ತೆ ಹೇಳಿ" ಎಂದರು ಡಾಕ್ಟರು. ಇಷ್ಟು ವರ್ಷ ಹಿಟ್ಟು ಉಕ್ಕಿ ಪಾತ್ರೆಯಿಂದ ಆಚೆ ಹರಿದದ್ದನ್ನು ಒರೆಸಿದವಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಇನ್ನು ನಮ್ಮಿಬ್ಬರ ಟ್ಯೂಬಿನಲ್ಲಿಯೂ ಸ್ಟೀರಾಯಿಡ್ ಬೆರೆತಿತ್ತಂತೆ. ಅದು ತುರಿಕೆಯನ್ನು ಅಡಗಿಸಿ, ಒಳಗೊಳಗೇ ಯೀಸ್ಟಿಗೆ ಗೊಬ್ಬರ ಹಾಕುವ ಕೆಲಸ ಮಾಡುತ್ತದೆ.

ನಮ್ಮವರ ಡಾಕ್ಟರು ವಿಷಯ ಕೇಳಿ ಅವರಿಗೆ ಬೇರೆ ಮಾತ್ರೆ ಬರೆದರು. ಹಚ್ಚಲು ಬರಿಯ ಕ್ಲೋಟ್ರಿಮಜೋಲ್ ಮುಲಾಮು, ದಿನಕ್ಕೆರಡು ಸಲ, ಎರಡು ವಾರ. ನನಗೆ ಮೂರು ದಿನಕ್ಕೊಂದರಂತೆ ಮೂರು ಫ್ಲುಕೊನಜೋಲ್, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಬರೆಯುವ ಮುಂಚೆ ನಾನು ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೇನೆಂದು ಕೇಳಿದರು. ಬಸುರಿಯರು ಈ ಮಾತ್ರೆ ನುಂಗಬಾರದು, ಅವರಿಗೆ ಒಳಗಿಡುವ ಮಾತ್ರೆಯೇ ಸರಿ ಎಂದೂ ಹೇಳಿದರು. ಸೋಪು, ವಾಸನೆಯ ದ್ರಾವಣ, ಗಾಯ ತೊಳೆಯುವ ಔಷಧ ಯಾವುದೂ ಆ ಕಡೆಗೆ ಬೇಡ. ಬರಿಯ ನೀರು, ಹತ್ತಿಯ ಬಟ್ಟೆ, ಒದ್ದೆಯಾದದ್ದನ್ನು ಕೂಡಲೆ ಬದಲಾಯಿಸುವುದು, ಇಷ್ಟು ಸಾಕು. ವಾಸಿಯಾಗುವ ತನಕ ದೂರವಿರಬೇಕು. ಆ ಮುಲಾಮುಗಳು ನಿರೋಧದ ರಬ್ಬರನ್ನು ದುರ್ಬಲ ಮಾಡುತ್ತವೆ ಎಂಬುದನ್ನೂ ಕಿವಿಗೆ ಹಾಕಿದರು. ನಮ್ಮ ವಯಸ್ಸಿಗೆ ಆ ಎಚ್ಚರಿಕೆ ಕೊಟ್ಟದ್ದು ಒಂದು ಗೌರವವೆಂದೇ ನಾನು ಭಾವಿಸಿದೆ. ಮುಖ್ಯವಾಗಿ, ಎಲ್ಲ ಬಿಳುಪೂ ಯೀಸ್ಟಲ್ಲ. ಮೀನಿನಂತೆ ವಾಸನೆ, ಹಸಿರುಹಳದಿ ಬಣ್ಣ, ಕಿಬ್ಬೊಟ್ಟೆಯ ನೋವು, ಜ್ವರ ಇದ್ದರೆ ಅದು ಬೇರೆಯೇ, ಔಷಧವೂ ಬೇರೆ. ಆದುದರಿಂದ ಪರೀಕ್ಷೆ ಮಾಡಿಸದೆ ಅಂಗಡಿಯ ಮಾತ್ರೆ ನುಂಗಬಾರದು. ನಾನು ಮಾಡಿದ್ದನ್ನೆಲ್ಲ ಅವರು ಹೀಗೆ ಒಂದೊಂದಾಗಿ ಮಾಡಬಾರದ್ದರ ಪಟ್ಟಿಗೆ ಸೇರಿಸಿದರು.

ನಾನು ಪ್ರತಿ ಸೋಮವಾರ ಬೆಳಿಗ್ಗೆ ಮಾತ್ರೆ ನುಂಗುತ್ತಿದ್ದೆ. ಮರೆಯದಿರಲೆಂದು ಕ್ಯಾಲೆಂಡರಿನ ಸೋಮವಾರಗಳಿಗೆಲ್ಲ ಸುತ್ತುಹಾಕಿದೆ. ಎದುರುಮನೆಯಾಕೆ ಸಕ್ಕರೆ ಕಡ ಕೇಳಲು ಬಂದವರು ಅದನ್ನು ನೋಡಿ, "ಹದಿನಾರು ಸೋಮವಾರದ ವ್ರತ ಹಿಡಿದಿದ್ದೀರಾ?" ಎಂದರು. "ಇಪ್ಪತ್ತಾರು" ಎಂದೆ. ಅವರು ಭಕ್ತಿಯಿಂದ ಕೈಮುಗಿದರು. ನಾನು ಬಿಡಿಸಿ ಹೇಳಲಿಲ್ಲ. ಆಗಿನ್ನೂ ನನಗೆ ಅಷ್ಟು ಧೈರ್ಯ ಬಂದಿರಲಿಲ್ಲ.

ಆ ಆರು ತಿಂಗಳಲ್ಲಿ ಈ ಯೀಸ್ಟಿನ ಕುಲಗೋತ್ರ ತಿಳಿಯಬೇಕೆಂಬ ಚಪಲ ಹತ್ತಿತು; ಭಾಷೆಯ ಮೇಷ್ಟ್ರಿಗೆ ಹೆಸರಿನ ಹುಚ್ಚು. ಲ್ಯಾಟಿನ್ನಿನಲ್ಲಿ ಕ್ಯಾಂಡಿಡ ಎಂದರೆ ಬಿಳಿ, ಆಲ್ಬಿಕಾನ್ಸ್ ಎಂದರೆ ಬಿಳುಪಾಗುತ್ತಿರುವುದು. ಬಿಳುಪಾಗುತ್ತಿರುವ ಬಿಳಿ! ಪುನರುಕ್ತಿದೋಷವೆಂದು ನಾನು ಮಕ್ಕಳ ಪ್ರಬಂಧದಲ್ಲಿ ಕೆಂಪು ಗೀಟು ಎಳೆಯುವಂಥದು. ಹಳ್ಳಿಯ ನಮ್ಮ ಅಜ್ಜಿಯರು ಬಿಳಿಸೆರಗು ಎಂದಿದ್ದರು. ಅದು ಒಂದೇ ಕಾಯಿಲೆಯ ಹೆಸರಲ್ಲದಿದ್ದರೂ ಮಾತು ಎಷ್ಟು ಮರ್ಯಾದೆಯದು, ಎಷ್ಟು ಸ್ಪಷ್ಟವಾದದ್ದು! ಅವರಿಗೆ ಮಾತಿತ್ತು, ಮದ್ದಿರಲಿಲ್ಲ. ನಮಗೆ ಮದ್ದಿದೆ.

ಮದ್ದು ಕಂಡುಹಿಡಿದವರಲ್ಲಿ ಮೊದಲಿಗರು ಇಬ್ಬರು ಹೆಂಗಸರು ಎಂದು ಆಗಲೇ ನನಗೆ ತಿಳಿದದ್ದು. ಎಲಿಜಬೆತ್ ಲೀ ಹೇಜನ್, ರೇಚಲ್ ಫುಲ್ಲರ್ ಬ್ರೌನ್ ಎಂದು ಹೆಸರು. ಅಮೆರಿಕದಲ್ಲಿ ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಹೇಜನ್ ಅವರು ಊರೂರಿನ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ ಜಾಡಿಗಳಲ್ಲಿ ಅಂಚೆಯ ಮೂಲಕ ಕಳಿಸುವರು. ಬ್ರೌನ್ ಅವರು ಅದರಿಂದ ಔಷಧಾಂಶ ಬೇರ್ಪಡಿಸಿ ಅಂಚೆಯ ಮೂಲಕವೇ ಹಿಂದಿರುಗಿಸುವರು. ವರ್ಜೀನಿಯದಲ್ಲಿ ಸ್ನೇಹಿತರ ಹಾಲಿನ ಡೈರಿಯ ಮಣ್ಣಿನಲ್ಲಿ ಸಿಕ್ಕಿದ ಒಂದು ಜೀವಿಯಿಂದ ೧೯೫೦ರಲ್ಲಿ ನಿಸ್ಟಾಟಿನ್ ಎಂಬ ಮದ್ದು ಹೊರಬಂತು. ಮನುಷ್ಯರ ಶಿಲೀಂಧ್ರ ಸೋಂಕಿಗೆ ನೆಮ್ಮದಿಯಾಗಿ ಕೊಡಬಹುದಾದ ಮೊದಲ ಆಂಟಿಬಯಾಟಿಕ್ ಅದು. ಬಂದ ರಾಯಧನ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೀರಿತ್ತು. ಅದನ್ನು ಇಬ್ಬರೂ ತಮಗೆಂದು ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. ಎರಡು ಊರಿನಲ್ಲಿದ್ದುಕೊಂಡು, ಅಂಚೆಯಲ್ಲಿ ಒಬ್ಬರಿಗೊಬ್ಬರು ಎಲ್ಲವನ್ನೂ ತಿಳಿಸುತ್ತ ಅವರು ಮದ್ದು ಕಂಡುಹಿಡಿದರು. ನಾವಿಬ್ಬರೂ ಎರಡು ಊರಿನಲ್ಲಿದ್ದುಕೊಂಡು, ಕೈಯಲ್ಲಿ ಮೊಬೈಲು ಹಿಡಿದು, ಒಬ್ಬರಿಗೊಬ್ಬರು ಏನನ್ನೂ ತಿಳಿಸದೆ ಕಾಯಿಲೆ ಬೆಳೆಸಿದೆವು.

ಇಪ್ಪತ್ತಾರು ಸೋಮವಾರ ಮುಗಿಯಿತು. ನಿಲ್ಲಿಸಿದ ಮೇಲೆ ಅರ್ಧಕ್ಕರ್ಧ ಮಂದಿಗೆ ಮತ್ತೆ ಬರುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೂ ೨೦೨೪ರ ಆಗಸ್ಟಿನಲ್ಲಿ ಒಮ್ಮೆ ಬಂತು. ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುವುದಕ್ಕೆ ಮುಂಚೆ ನಮ್ಮವರಿಗೆ ಹೇಳಿದೆ. "ಡಾಕ್ಟರಿಗೆ ಫೋನು ಮಾಡಿದೆಯಾ? ನನಗೇನೂ ಇಲ್ಲ, ನೋಡಿಕೊಂಡೆ" ಎಂದರು, ಕೊಡೆ ಮರೆತದ್ದನ್ನು ಹೇಳಿದಷ್ಟೇ ಸಹಜವಾಗಿ. ಒಂದು ವಾರದಲ್ಲಿ ವಾಸಿಯಾಯಿತು. ಮೊನ್ನೆ ಸ್ಟಾಫ್‌ರೂಮಿನಲ್ಲಿ ಹೊಸದಾಗಿ ಮದುವೆಯಾದ ವಿಜ್ಞಾನದ ಟೀಚರು ಬಾಟಲಿಯಲ್ಲಿ ಬಾರ್ಲಿ ನೀರು ತಂದು ಕುಡಿಯುತ್ತಿದ್ದಳು. "ಏನಮ್ಮ?" ಎಂದೆ. "ಉಷ್ಣ ಮೇಡಂ" ಎಂದು ತಲೆ ತಗ್ಗಿಸಿದಳು. ನಾನು ಬಾಗಿಲು ಮುಂದಕ್ಕೆ ಮಾಡಿ ಅವಳ ಪಕ್ಕದ ಕುರ್ಚಿ ಎಳೆದುಕೊಂಡೆ. ವಿಜ್ಞಾನದ ಟೀಚರಿಗೆ ಕನ್ನಡ ಟೀಚರು ಯೀಸ್ಟಿನ ಪಾಠ ಹೇಳಿದ್ದು ನಮ್ಮ ಸ್ಕೂಲಿನಲ್ಲಿ ಅದೇ ಮೊದಲಿರಬೇಕು. ಡಾಕ್ಟರ ವಿಳಾಸ ಬರೆದುಕೊಟ್ಟು, "ಮನೆಯಲ್ಲಿ ಅವರಿಗೂ ಹೇಳು, ಮೊದಲು ಅವರಿಗೇ ಹೇಳು" ಎಂದೆ.

ಕಾಯಿಲೆ ಹೋಯಿತು. ಮಾತು ಹೋಗಲಿಲ್ಲ. ನಮ್ಮವರಿಗೆ ಈಗ ಮಂಡ್ಯಕ್ಕೆ ವರ್ಗವಾಗಿದೆ. ದಿನವೂ ರೈಲಿನಲ್ಲಿ ಮನೆಗೆ ಬರುತ್ತಾರೆ. ಒಮ್ಮೊಮ್ಮೆ ರೈಲು ತಡವಾದರೆ ಫೋನು ಮಾಡಿ, "ಹಾಸನದಲ್ಲಿ ಯಾರೂ ಇರಲಿಲ್ಲ ಕಣೇ, ಮಂಡ್ಯದಲ್ಲಿಯೂ ಯಾರೂ ಇಲ್ಲ, ಸಿಗ್ನಲ್ಲು ಕೊಟ್ಟಿಲ್ಲ ಅಷ್ಟೆ" ಎನ್ನುತ್ತಾರೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಫೋನು ಇಟ್ಟ ಮೇಲೆ ಸಾರು ಬಿಸಿಮಾಡಲು ಒಲೆ ಹಚ್ಚಿ, ಆ ಸೌಟನ್ನು ಕೈಗೆತ್ತಿಕೊಂಡಾಗ ಮಾತ್ರ ನನ್ನ ನಗು ಅಲ್ಲಿಯೇ ನಿಲ್ಲುತ್ತದೆ.